ಹನ್ನೊಂದನೇ ದಿನದ ಬೂಷ್ಟು

ತನಗೆ ಬೂಷ್ಟಕ್ಕ ಎಂದು ಹೆಸರಿಟ್ಟವರ ಬಾಯಿಗೇ ಬೂಷ್ಟು ಹಿಡಿಯಲಿ ಎಂದು ಅವಳು ಎಷ್ಟೋ ಸಲ ಶಪಿಸಿದ್ದಳು. ಆಸ್ಪತ್ರೆಯ ಎರಡನೇ ಮಹಡಿಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷದಿಂದ ಕಂಡವರ ಕಫವನ್ನು ಪುಟ್ಟ ಗಾಜಿನ ತಟ್ಟೆಗೆ ಬಳಿದು, ಅದರಲ್ಲಿ ಏನು ಬೆಳೆಯುತ್ತದೆಂದು ನೋಡುವುದೇ ಅವಳ ಕೆಲಸ. ಮನೆಯಲ್ಲಿ ಗಂಡ, "ಊಟದ ಹೊತ್ತಲ್ಲಿ ಮಾತ್ರ ಆ ಸುದ್ದಿ ಎತ್ತಬೇಡ ತಾಯೀ" ಎಂದು ಕೈಮುಗಿಯುತ್ತಿದ್ದ.

ಈಚೆಗೆ ಅವಳ ತಲೆ ತಿನ್ನುತ್ತಿದ್ದವನು ಕನ್ನಡಕದಂಗಡಿಯವನು. ಇಪ್ಪತ್ತೆಂಟು ವಯಸ್ಸು, ಹುಟ್ಟಿನಿಂದಲೇ ಸಿಸ್ಟಿಕ್ ಫೈಬ್ರೋಸಿಸ್. ಕಫ ಗೋಂದಿನ ಹಾಗೆ ಶ್ವಾಸಕೋಶಕ್ಕೆ ಅಂಟಿ ಕೂರುವ ಕಾಯಿಲೆ. ಮೂರು ತಿಂಗಳಿಂದ ಯಾವ ಔಷಧಿಗೂ ಕೆಮ್ಮು ಜಗ್ಗುತ್ತಿರಲಿಲ್ಲ. ಲ್ಯಾಬಿಗೆ ಬರುವಾಗ ಮೆಟ್ಟಿಲ ಮೇಲೆ ಎರಡು ಕಡೆ ನಿಂತು ಏದುಸಿರು ಬಿಡುತ್ತಿದ್ದದ್ದು ಅವಳಿಗೆ ಒಳಗೇ ಕೇಳಿಸುತ್ತಿತ್ತು. ಶ್ವಾಸಕೋಶದಲ್ಲಿ ಶಿಲೀಂಧ್ರ ಸೇರಿಕೊಂಡಿದೆ ಎಂಬ ಗುಮಾನಿ ಅವಳದು. ಬ್ಯಾಕ್ಟೀರಿಯಾ ಎರಡೇ ದಿನಕ್ಕೆ ತಟ್ಟೆ ತುಂಬುತ್ತದೆ. ಈ ಜಾತಿಯ ಬೂಷ್ಟು ಮಾತ್ರ ಒಂದು ವಾರ ಮೈಗಳ್ಳನ ಹಾಗೆ ಬಿದ್ದಿದ್ದು, ಹತ್ತು ಹನ್ನೊಂದು ದಿನಕ್ಕೆ ಪೂರ್ತಿ ಏಳುತ್ತದೆ. ಅದಕ್ಕೆಂದೇ ಬ್ಯಾಕ್ಟೀರಿಯಾ ಬೆಳೆಯದಂಥ ತಟ್ಟೆಯೊಂದಕ್ಕೆ ಬಳಿದು, ಬೆಚ್ಚಗಿನ ಪೆಟ್ಟಿಗೆಯ ಮೂಲೆಯಲ್ಲಿಟ್ಟಳು.

ಎಂಟನೇ ದಿನ ನೋಡಿದರೆ ತಟ್ಟೆ ಮಾಯ!

"ಯಾರ್ರೀ ತೆಗೆದಿದ್ದು?"

"ನಾನೇ," ಎಂದ ಲ್ಯಾಬಿನ ಮುಖ್ಯಸ್ಥ. "ಏನೋ ಬಿಳಿ ಚುಕ್ಕೆ ಬಂದಿತ್ತು. ಗಾಳಿಯ ಧೂಳು ಬಿದ್ದು ಬೂಷ್ಟು ಬಂದಿರುತ್ತೆ ಅಂತ ಎಸೆದೆ."

"ಧೂಳಾ? ನಿನ್ನ ಕಣ್ಣಿಗೆ ಬಿದ್ದಿದೆ ಧೂಳು! ಎಂಟು ದಿನ ಕೂಸು ಕಾದ ಹಾಗೆ ಕಾದಿದ್ದೀನಿ ಕಣಯ್ಯಾ!"

ಅವನು ಸಿಟ್ಟಾಗಲಿಲ್ಲ. ಹದಿನೈದು ವರ್ಷದ ಹಿಂದೆ ಅವಳ ಕೈಕೆಳಗೇ ಕೆಲಸ ಕಲಿತವನು. ಸುಮ್ಮನೆ ಗೋಡೆಯತ್ತ ಬೊಟ್ಟು ಮಾಡಿದ. ಅಲ್ಲೊಂದು ಹಳದಿಗಟ್ಟಿದ ಚೀಟಿ: 'ಎರಡು ದಿನ ದಾಟಿದ ತಟ್ಟೆ, ಬೂಷ್ಟು ಬಂದ ತಟ್ಟೆ, ಕೇಳದೆ ಎಸೆಯಿರಿ.' ಅಕ್ಷರ ಅವಳದೇ.

"ನೀವೇ ಕಲಿಸಿದ್ದಲ್ವಾ ಅಕ್ಕಾ?"

ಬೇರೆಯವರ ಮೇಲಾದರೆ ಹಾರಾಡಬಹುದಿತ್ತು. ತನ್ನ ಮೇಲೆ ತಾನೇ ಹಾರಾಡುವುದು ಹೇಗೆ? ಇಷ್ಟು ವರ್ಷದಲ್ಲಿ ಎಷ್ಟು ತಟ್ಟೆ ಎಸೆದಿದ್ದೇನೋ, ಯಾರ್ಯಾರ ಉಸಿರಿಗೆ ಕುತ್ತಾದೆನೋ ಎಂದು ನೆನೆದಳು. ಆಗ ಇದೆಲ್ಲ ಅವಳಿಗೆ ಗೊತ್ತಿರಲಿಲ್ಲ, ನಿಜ. ಹಾಗೆಂದುಕೊಂಡರೂ ಸಿಟ್ಟು ಇಳಿಯಲಿಲ್ಲ. ಚೀಟಿಯನ್ನು ಪರ್ರನೆ ಹರಿದು ಕಸದ ಬುಟ್ಟಿಗೆ ಹಾಕಿದಳು.

ಕನ್ನಡಕದಂಗಡಿಯವನಿಗೆ ಫೋನು ಮಾಡಿ, ತಪ್ಪಾಯಿತು, ಇನ್ನೊಮ್ಮೆ ಕಫ ಬೇಕು ಎಂದಳು.

"ಅದಕ್ಕೇನು ಬರಗಾಲ? ಬೇಕಾದಷ್ಟು ಸ್ಟಾಕ್ ಇದೆ," ಎಂದು ನಕ್ಕವನಿಗೆ ಕೆಮ್ಮು ಹತ್ತಿಕೊಂಡಿತು. ಅದು ನಿಲ್ಲುವ ತನಕ ಅವಳು ಹಲ್ಲು ಕಚ್ಚಿಕೊಂಡು ಫೋನು ಹಿಡಿದೇ ಇದ್ದಳು.

ಈ ಸಲ ಮೂರು ಬೆಳಗಿನ ಕಫ, ಮೂರು ತಟ್ಟೆ. ಪೆಟ್ಟಿಗೆಯ ಬಾಗಿಲಿಗೆ ಹೊಸ ಚೀಟಿ: 'ಮುಟ್ಟಿದರೆ ಕೈ ಮುರಿಯುತ್ತೇನೆ.' ಹನ್ನೊಂದನೇ ದಿನ ಮುಖ್ಯಸ್ಥನನ್ನು ತೋಳು ಹಿಡಿದು ಎಳೆದು ತಂದಳು. ಮೂರು ತಟ್ಟೆಯಲ್ಲೂ ಬೂದು ಬೂಷ್ಟು, ಅವಳು ಕಫ ಬಳಿದ ಗೆರೆಯ ಮೇಲೇ ಸಾಲಾಗಿ ಎದ್ದಿತ್ತು.

"ಧೂಳಿಗೆ ನನ್ನ ಗೆರೆ ಕಾಣುತ್ತೇನಯ್ಯಾ? ಮೂರಕ್ಕೆ ಮೂರರಲ್ಲೂ ಗೆರೆ ನೋಡ್ಕೊಂಡೇ ಬೀಳುತ್ತಾ?"

ಅವನು ವರದಿಗೆ ಸಹಿ ಹಾಕಿದ. ಅದನ್ನು ನೋಡಿ ಡಾಕ್ಟರು ಔಷಧಿ ಬದಲಿಸಿದರು.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಯಾರೋ ಎಲ್ಲೂ ನಿಲ್ಲದೆ ಮೆಟ್ಟಿಲು ಹತ್ತಿ ಬಂದರು. ಯಾರಾದರೇನು ಎಂದು ಅವಳು ತಲೆ ಎತ್ತಲಿಲ್ಲ. ಮೇಜಿನ ಮೇಲೆ ಮರುಪರೀಕ್ಷೆಯ ಕಫದ ಡಬ್ಬಿ ಇಟ್ಟ ಸದ್ದಿಗೆ ನೋಡಿದರೆ ಕನ್ನಡಕದಂಗಡಿಯವನು! ಡಬ್ಬಿಯ ತಳದಲ್ಲಿ ಇದ್ದದ್ದು ಒಂದೇ ತೊಟ್ಟು.

"ಇಷ್ಟೇನಾ? ಇದನ್ನ ಮೂರು ತಟ್ಟೆಗೆ ಹೇಗಯ್ಯಾ ಬಳೀಲಿ?"

"ಬೆಳಿಗ್ಗೆಯಿಂದ ಕೆಮ್ಮಿ ನೋಡ್ತಾನೇ ಇದೀನಿ ಅಕ್ಕಾ. ಬರ್ತಾನೇ ಇಲ್ಲ."

"ಕೆಲಸಕ್ಕೆ ಬಾರದವನು!" ಎಂದು ಬೈದು ಅವಳು ಗೋಡೆಯ ಕಡೆ ತಿರುಗಿ ನಿಂತಳು. ಕೈಗೆ ಗ್ಲೌಸು ಇತ್ತು, ಕಣ್ಣು ಒರೆಸಿಕೊಳ್ಳುವ ಹಾಗಿರಲಿಲ್ಲ.