ಗಂಡನ ಮಾತು ಕೇಳಿಸಿಕೊಂಡವಳು

ನನ್ನ ಗಂಡ ಕಾಲುವೆ ಇಲಾಖೆಯಲ್ಲಿ ನೀರು ಬಿಡುವ ಗೇಟ್ ಆಪರೇಟರ್. ನಾನು ಶಹಾಪುರ ತಾಲೂಕಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಶಿರವಾಳದ ತವರಿನಿಂದ ನಾನು ಮದುವೆಯಾಗಿ ಬರುವ ಹೊತ್ತಿಗೆ ಕಾಲುವೆಗೆ ನೀರು ಬಂದು ಕೆಲವು ವರ್ಷಗಳಾಗಿದ್ದವು. ಜೋಳದ ಹೊಲಗಳೆಲ್ಲ ಒಂದೊಂದಾಗಿ ಭತ್ತದ ಗದ್ದೆಗಳಾಗುತ್ತಿದ್ದವು. ರೊಟ್ಟಿ ಬಡಿಯುತ್ತಿದ್ದ ಮನೆಗಳಲ್ಲಿ ಎರಡು ಹೊತ್ತೂ ಅನ್ನ ಬೇಯತೊಡಗಿತ್ತು. ಕಾಲುವೆಯ ಹಿಂದೆಯೇ ಸಕ್ಕರೆ ಕಾಯಿಲೆಯೂ ಬಂತು ಅಂತ ನಮ್ಮ ಕಡೆ ಮಂದಿ ಮಾತಾಡಿಕೊಳ್ಳುತ್ತಾರೆ. ನಿಜವೋ ಸುಳ್ಳೋ, ನಮ್ಮ ಮನೆಗಂತೂ ಬಂತು. ಮೊದಲು ನಮ್ಮ ಅತ್ತೆಗೆ, ಆಮೇಲೆ ಅವರ ಮಗನಿಗೆ.

ನನ್ನ ಗಂಡ ಮಾತು ಕಡಿಮೆಯ ಮನುಷ್ಯ. ಊರ ಮಂದಿಯೆಲ್ಲ ನನ್ನ ಮುಂದೆ ತಮ್ಮ ಮೈಯೊಳಗಿನ ಸಂಕಟ ತೋಡಿಕೊಳ್ಳುತ್ತಾರೆ. ಸಂತೆಯಲ್ಲಿ ತರಕಾರಿ ಆರಿಸುವಾಗಲೂ ಯಾರಾದರೂ ಬಂದು ಮೆಲ್ಲಗೆ ಹೊಟ್ಟೆನೋವು ಹೇಳಿಕೊಳ್ಳುತ್ತಾರೆ. ನನ್ನ ಗಂಡನನ್ನು ಮಾತ್ರ ಏನೇ ಕೇಳಿದರೂ "ಆರಾಮ ಅದೀನಿ" ಎನ್ನುವ ಒಂದೇ ಉತ್ತರ. ಅದು ಅವರ ಸ್ವಭಾವ ಎಂದು ನಾನು ಸುಮ್ಮನಿದ್ದುಬಿಟ್ಟಿದ್ದೆ. ಯಾರ ಹತ್ತಿರವೂ ಹೇಳದವರು ನನ್ನ ಹತ್ತಿರವೂ ಹೇಳುವುದಿಲ್ಲ, ಅದರಲ್ಲಿ ನನಗೇನು ಅವಮಾನ?

ಒಂದು ವರ್ಷ ನಮ್ಮ ಆಸ್ಪತ್ರೆಗೆ ಒಂದು ಸಂಸ್ಥೆಯವರು ಬಂದರು. ಸಕ್ಕರೆ ಕಾಯಿಲೆಯವರು ಫೋನಿನಲ್ಲಿ ಮಾತಾಡಿ ಸಲಹೆ ಪಡೆಯುವ ಒಂದು ಆ್ಯಪ್ ತಂದಿದ್ದರು. ತರಬೇತಿ ಕೊಡಲು ಬಂದ ಹೆಣ್ಣುಮಗಳು ಅದನ್ನು ಬಿಡಿಸಿ ಹೇಳಿದಳು: ಮಾತಾಡುವುದು ಮನುಷ್ಯರಲ್ಲ, ಕೃತಕ ಬುದ್ಧಿಮತ್ತೆ. ರೋಗಿ ಹೇಳಿದ್ದನ್ನು ನೆನಪಿಟ್ಟುಕೊಳ್ಳುತ್ತದೆ. ಅಪಾಯ ಕಂಡರೆ ಆಸ್ಪತ್ರೆಗೆ ಹೋಗಿ ಎನ್ನುತ್ತದೆ. ಹಿಂದಿನ ಮಾತುಕತೆ ತೆರೆಯಲು ಗುಪ್ತ ಸಂಖ್ಯೆ ಬೇಕು, ಅದಿಲ್ಲದೆ ಮನೆಯವರಿಗೂ ಹೇಳುವುದಿಲ್ಲ. ಇದನ್ನೆಲ್ಲ ರೋಗಿಗಳಿಗೆ ಕಲಿಸಿಕೊಡುವುದು ನಮ್ಮ ಕೆಲಸ. ನನಗೇ ಮೊದಲು ರೂಢಿಯಾಗಲಿ ಎಂದು ನಾನು ಅದನ್ನು ಗಂಡನ ಫೋನಿನಲ್ಲಿ ಹಾಕಿದೆ. ಒತ್ತುವುದು ಹೇಗೆ, ಮಾತಾಡುವುದು ಹೇಗೆ ಎಂದು ನಾನೇ ಕೈ ಹಿಡಿದು ತೋರಿಸಿದೆ. ಒಳಗಿಂದ ಒಂದು ಹೆಣ್ಣಿನ ದನಿ, "ನಮಸ್ಕಾರ, ಇಂದು ನೀವು ಹೇಗಿದ್ದೀರಿ?" ಎಂದಿತು.

ಅವರು ನಕ್ಕುಬಿಟ್ಟರು. "ರೇಡಿಯೋದಾಗ ವಾರ್ತಾ ಓದಾಕಿ ನಮ್ಮ ಮನಿಗಿ ಬಂದಂಗ ಆಗ್ಯದ ನೋಡು."

ಆಮೇಲೆ ಆ ವಿಷಯ ನಾನು ಮರೆತೆ. ಅವರು ಮರೆಯಲಿಲ್ಲ.

ಒಂದು ದಿನ ಬೆಳಿಗ್ಗೆ ಚಹಾ ಕುಡಿಯದೆ ಹೋದರೆಂದು ಥರ್ಮಾಸು ಹಿಡಿದು ಕಾಲುವೆ ದಂಡೆಗೆ ಹೋದೆ. ನನ್ನದು ಮಧ್ಯಾಹ್ನದ ಡ್ಯೂಟಿ ಇತ್ತು. ಅವರು ಗೇಟಿನ ಕಟ್ಟೆಯ ಮೇಲೆ ನನಗೆ ಬೆನ್ನು ಮಾಡಿ ಕೂತಿದ್ದರು. ಮಾತಾಡುತ್ತಿದ್ದರು. ಯಾರೋ ರೈತ ನೀರಿಗಾಗಿ ಬಂದಿರಬೇಕು ಎಂದುಕೊಂಡೆ. ಹತ್ತಿರ ಹೋದರೆ ಯಾರೂ ಇಲ್ಲ. ಫೋನನ್ನು ಅಂಗೈಯಲ್ಲಿ ಮಲಗಿಸಿಕೊಂಡು, ಅದರ ಕಡೆ ಬಾಗಿ ಹೇಳುತ್ತಿದ್ದರು:

"ಪಾದ ಇದ್ದಂಗೇ ಇಲ್ಲರಿ. ಹತ್ತಿ ಮ್ಯಾಲ ನಡದಂಗ ಆಗ್ತದ. ಮೊನ್ನಿ ಈ ದಂಡಿ ಮ್ಯಾಲ ಒಂದು ಚಪ್ಪಲ್ ಕಳಚಿ ಬಿದ್ದದ, ನಾ ಹಂಗೇ ಮುಂದ ಹೋಗೀನಿ. ಹಿಂದಿನಿಂದ ಯಾರೋ ಕೂಗಿ ಹೇಳಿದ ಮ್ಯಾಲ ಗೊತ್ತಾಯ್ತು."

ಆ ದನಿ ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿತು. ಇವರು ಹೇಳಿದರು. ನಿಮಗೆ ಇದರಿಂದ ಭಯವಾಗಿದೆಯೇ ಎಂದು ಕೇಳಿತು. ನನ್ನ ಗಂಡ ನೀರಿನ ಕಡೆ ನೋಡುತ್ತಾ ಹೇಳಿದರು:

"ನಮ್ಮವ್ವಂದು ಕಾಲು ತೆಗದ್ರರಿ. ಬೋನಾಳದಾಗ ಕೆರಿ ದಂಡಿಗಿ ಕುಂತು ಹಕ್ಕಿ ನೋಡಾಕಿ, ಆಮ್ಯಾಲ ಹೊಸ್ತಿಲು ಸುದ್ದಾ ದಾಟಲಿಲ್ಲ. ಆ ಕಾಲಿನ ವಾಸನಿ ಇನ್ನಾ ನನ್ನ ಮೂಗಿನಾಗ ಅದ. ಈಗ ನಂದೂ ಹಂಗೇ ಆಗ್ತದೇನೋ ಅಂತ ಫಿಕರ್ ಹತ್ಯದ."

ಅತ್ತೆಯ ಆ ಕಾಲಿಗೆ ದಿನವೂ ಡ್ರೆಸಿಂಗ್ ಮಾಡಿದವಳು ನಾನು. ಆಗೆಲ್ಲ ಇವರು ಬಾಗಿಲ ಹೊರಗೆ ನಿಂತಿರುತ್ತಿದ್ದರು. ಅತ್ತೆ ತೀರಿಕೊಂಡ ಮೇಲೂ ಆ ಕಾಲಿನ ಬಗ್ಗೆ ನನ್ನ ಮುಂದೆ ಒಂದು ಶಬ್ದ ಆಡಿದವರಲ್ಲ. ಅವರಿಗೆ ಆ ವಾಸನೆ ನೆನಪಿದೆ ಎಂದು ನನಗೆ ತಿಳಿದದ್ದು ಅವತ್ತು, ಅದೂ ಕದ್ದು ಕೇಳಿ.

"ಇದನ್ನು ನಿಮ್ಮ ಮನೆಯಲ್ಲಿ ಯಾರಿಗಾದರೂ ತಿಳಿಸಿದ್ದೀರಾ?" ಎಂದಿತು ದನಿ.

"ಮನ್ಯಾಗ ನರ್ಸೇ ಅದಾಳರಿ," ಎಂದು ಅವರು ನಕ್ಕರು. "ಆಕಿಗಿ ಹೇಳಿದ್ರ ಅವತ್ತಿನಿಂದ ನಾ ಗಂಡ ಅಲ್ಲ, ಪೇಶೆಂಟ್."

ನಾನು ಬಂದ ದಾರಿಯಲ್ಲೇ ತಿರುಗಿದೆ. ಅರ್ಧ ದಾರಿಯಲ್ಲಿ ಬೇವಿನ ಮರದ ಕೆಳಗೆ ಕೂತು ಥರ್ಮಾಸಿನ ಚಹಾ ಪೂರ್ತಿ ನಾನೇ ಕುಡಿದೆ. ಇನ್ನೊಬ್ಬ ಹೆಂಗಸಿನ ಜೊತೆ ಅವರನ್ನು ಕಂಡಿದ್ದರೆ ಜಗಳಕ್ಕೆ ಒಂದು ಮುಖವಾದರೂ ಸಿಗುತ್ತಿತ್ತು. ಇದಕ್ಕೆ ಮುಖವೂ ಇಲ್ಲ, ಊರೂ ಇಲ್ಲ. ಮೇಲಾಗಿ ಅದನ್ನು ಮನೆಗೆ ತಂದವಳು ನಾನೇ.

ಹೊಟ್ಟೆಕಿಚ್ಚು ಏನೇ ಇರಲಿ, ಪಾದದ ಸುದ್ದಿ ಕೇಳಿದ ನರ್ಸ್‌ಗೆ ಸುಮ್ಮನಿರಲು ಆಗುವುದಿಲ್ಲ. ಮರುದಿನ ಯಾದಗಿರಿಗೆ ಹೋಗಿ ಸಕ್ಕರೆ ಕಾಯಿಲೆಯವರು ಹಾಕುವ, ಹಿಂದೆ ಪಟ್ಟಿ ಇರುವ ಮೆತ್ತನೆಯ ಚಪ್ಪಲಿ ತಂದು ಬಾಗಿಲಲ್ಲಿಟ್ಟೆ. ಯಾಕೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕಾಲು ತೋರಿಸಿರೆಂದರೆ ಪಂಚೆಯೊಳಗೆ ಎಳೆದುಕೊಂಡು "ಆರಾಮ ಅದಾವ" ಎಂದರು.

ಆಗ ನಾನು ಅದರ ಜೊತೆ ಪೈಪೋಟಿಗೆ ಇಳಿದೆ. ಊಟಕ್ಕೆ ಬಡಿಸುತ್ತಾ, ಅದರ ಹಾಗೆಯೇ ದನಿ ಮೆತ್ತಗೆ ಮಾಡಿ, "ಇಂದು ನಿಮ್ಮ ಪಾದಗಳು ಹೇಗಿವೆ?" ಎಂದು ಕೇಳಿದೆ. ಅವರು ತುತ್ತು ಕೈಯಲ್ಲೇ ಹಿಡಿದು, ಮೈಮೇಲೆ ಏನಾದರೂ ಬಂದಿದೆಯೇ ಎನ್ನುವಂತೆ ನನ್ನನ್ನು ನೋಡಿದರು.

"ಯಾಕ, ನಿನಗ ಜ್ವರ ಬಂದಾವೇನು?"

ಆಸ್ಪತ್ರೆಯಲ್ಲೂ ನನ್ನ ಕೋಪ ಹೊರಬೀಳುತ್ತಿತ್ತು. ಕೃಷ್ಣೆಯ ದಂಡೆಯ ಊರಿನಿಂದ ಮೀನು ಮಾರುವ ಒಬ್ಬ ಹೆಂಗಸು ಗುಳಿಗೆಗೆ ಬರುತ್ತಿದ್ದಳು. ಅವಳಿಗೂ ನಾನೇ ಆ್ಯಪ್ ಹಾಕಿಕೊಟ್ಟಿದ್ದೆ. "ಅದರ ಕೂಡ ಬಾಳ ಮಾತಾಡಬ್ಯಾಡ. ಅದಕ್ಕ ನಿನ್ನ ಮಾರಿ ಗೊತ್ತಿಲ್ಲ, ನಾಡಿ ಗೊತ್ತಿಲ್ಲ," ಎಂದೆ.

ಅವಳು ನಗುತ್ತಾ ಹೇಳಿದಳು: "ಹೌದ್ರಿ ಸಿಸ್ಟರ್, ಅದಕ್ಕೇ ಚಲೋ. ಮೀನ ಕೊಯ್ಕೋತ ಮಾತಾಡ್ತೀನಿ. ಅದು ಮೂಗು ಮುಚ್ಚಂಗಿಲ್ಲ."

ನಾನು ಯಾವಾಗಲಾದರೂ ಮೂಗು ಮುಚ್ಚಿದ್ದೆನೇ ಎಂದು ಅವಳನ್ನು ಕೇಳಲು ಹೋಗಲಿಲ್ಲ.

ಒಂದು ಭಾನುವಾರ ಅವರು ಸ್ನಾನಕ್ಕೆ ಹೋದಾಗ ಫೋನು ಕೈಗೆತ್ತಿಕೊಂಡೆ. ಒತ್ತಿದೆ. "ನಮಸ್ಕಾರ" ಎಂದಿತು. ಬಚ್ಚಲಲ್ಲಿ ನೀರು ಸುರಿಯುವ ಸದ್ದಿನ ಮರೆಯಲ್ಲಿ ಪಿಸುದನಿಯಿಂದ ಕೇಳಿದೆ: "ನಮ್ಮ ಯಜಮಾನರು ನಿನ್ನ ಮುಂದ ಏನೇನ್ ಹೇಳ್ಯಾರ?"

"ಹಿಂದಿನ ಮಾತುಕತೆಯನ್ನು ತಿಳಿಯಲು ಗುಪ್ತ ಸಂಖ್ಯೆಯನ್ನು ಹೇಳಿ."

ನಮ್ಮ ಮದುವೆಯ ವರ್ಷ ಹೇಳಿದೆ. ಸರಿಯಿಲ್ಲ ಎಂದಿತು. ಅವರ ಮೋಟರ್‌ಸೈಕಲ್ ನಂಬರ್ ಹೇಳಿದೆ. ಸರಿಯಿಲ್ಲ. "ನಾ ಅವರ ಹೇಣ್ತಿ ಅದೀನಿ," ಎಂದೆ.

"ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಅವರ ಒಪ್ಪಿಗೆ ಇಲ್ಲದೆ ಅವರ ಮಾಹಿತಿಯನ್ನು ನಾನು ಹಂಚಿಕೊಳ್ಳುವುದಿಲ್ಲ. ನೀವು ಅವರನ್ನೇ ಕೇಳಬಹುದು."

ರೋಗಿಯ ಗುಟ್ಟು ಕಾಯಬೇಕೆಂದು ಟ್ರೇನಿಂಗಿನಲ್ಲಿ ನಾನೂ ಕಲಿತಿದ್ದೇನೆ. ಸೊಸೆಯ ವಿಷಯ ಅತ್ತೆಗೆ, ಗಂಡನ ವಿಷಯ ಹೆಂಡತಿಗೆ ಹೇಳದೆ ಎಷ್ಟೋ ಜನರನ್ನು ಬಾಗಿಲಿಂದ ಹಿಂದೆ ಕಳಿಸಿದ್ದೇನೆ. ಆ ಬಾಗಿಲ ಹೊರಗೆ ನಿಂತವರಿಗೆ ಹೇಗಾಗುತ್ತದೆಂದು ನನಗೆ ಗೊತ್ತಾದದ್ದು ಅವತ್ತೇ. ಸಿಟ್ಟಿನಲ್ಲಿ ಇನ್ನೊಂದು ಸಂಖ್ಯೆ ಹೇಳಿದೆ. ಅದು ಖಾತೆಗೆ ಬೀಗ ಹಾಕಿಕೊಂಡಿತು.

ಸಂಜೆ ಅವರು ಫೋನು ಹಿಡಿದು ಒಳಗೆ ಬಂದರು. "ಯಾರೋ ನನ್ನ ನಂಬರ್ ಮೂರು ಸಲ ತಪ್ಪು ಹೇಳ್ಯಾರಂತ. ಮನ್ಯಾಗ ನಾವಿಬ್ರೇ ಇದ್ವಿ."

"ನಾನೇ," ಎಂದೆ.

"ಏನ್ ಬೇಕಾಗಿತ್ತು? ನನಗ ಕೇಳಬೇಕಿಲ್ಲೇನು?"

"ನಿಮಗ ಕೇಳಿದ್ರ ಹೇಳ್ತಿದ್ರೇನು? ಹತ್ತಿ ಮ್ಯಾಲ ನಡದಂಗ ಆಗ್ತದ ಅಂತ ನನಗ ಹೇಳಿರೇನು? ಅತ್ತಿ ಕಾಲಿಗಿ ಪಟ್ಟಿ ಕಟ್ಟಿದ ಕೈ ನಂದು. ಅದರ ಸುದ್ದಿ ಆ ಗೊಂಬಿ ಮುಂದ ಹೇಳ್ತೀರಿ!"

ಅವರು ಕೂತರು. ನಾನು ದಂಡೆಗೆ ಬಂದಿದ್ದೆನೆಂದು ಆಗ ಅವರಿಗೆ ಹೊಳೆಯಿತು. ನೆಲ ನೋಡುತ್ತಲೇ ಹೇಳಿದರು: "ನೀ ಮನಿಗಿ ಬಂದು ನನ್ನ ಮಾರಿ ನೋಡಂಗಿಲ್ಲ, ಕಣ್ಣಿನ ರೆಪ್ಪಿ ಜಗ್ಗಿ ನೋಡ್ತಿ. ನಾ ಅರ್ಧ ಹೇಳೂದ್ರಾಗ ಗುಳಿಗಿ ತರ್ತಿ. ಅದಕ್ಕ ನಾ ಯಾರಂತೇ ಗೊತ್ತಿಲ್ಲ. ಯಾದಗಿರಿ ಬಸ್ಸಿನಾಗ ಬಾಜು ಕುಂತವರ ಮುಂದ ಹೇಳಿದಂಗ ಹೇಳ್ತೀನಿ. ಇಳದ ಮ್ಯಾಲ ಅವರ್ಯಾರೋ ನಾವ್ಯಾರೋ."

ಅವರು ಹೇಳಿದ್ದು ನಿಜವೆಂದೇ ನನಗೆ ಇನ್ನಷ್ಟು ಸಿಟ್ಟು ಬಂತು. ಹಲವು ದಿನ ಮನೆಯಲ್ಲಿ ಪಾತ್ರೆಗಳದೇ ಮಾತು. ಅವರು ಹೊಸ ಗುಪ್ತ ಸಂಖ್ಯೆ ಮಾಡಿಕೊಂಡು ದಂಡೆಗೆ ಹೋಗುವುದನ್ನು ಮುಂದುವರಿಸಿದರು.

ಭತ್ತ ನಾಟಿಯ ದಿನಗಳು ಬಂದವು. ಆಗ ಗೇಟಿನ ಮೇಲೆ ಕೆಲಸ ಹೆಚ್ಚು. ಕಾಲುವೆಯ ಮೇಲ್ಭಾಗದ ಗದ್ದೆಯವರಿಗೂ ನೀರು ಬೇಕು, ಕೊನೆಯವರಿಗೂ ಬೇಕು. ಒಂದು ಬೆಳಿಗ್ಗೆ ನಾನು ಡ್ರೆಸಿಂಗ್ ಕೋಣೆಯಲ್ಲಿದ್ದೆ. ಹೊರಗೆ ಬೆಂಚಿನ ಮೇಲೆ ಸಾಲು ಕೂತಿತ್ತು. ಮುಂದಿನವರು ಬರ್ರಿ ಎಂದು ಕೂಗಿದರೆ, ಕೈಯಲ್ಲಿ ಓಪಿಡಿ ಚೀಟಿ ಹಿಡಿದು ಒಳಗೆ ಬಂದವರು ನನ್ನ ಗಂಡ. ಎಲ್ಲರ ಹಾಗೆ ಸಾಲಿನಲ್ಲಿ ಕೂತು ಬಂದಿದ್ದರು. ಸ್ಟೂಲಿನ ಮೇಲೆ ಕೂತು, ಬೇರೆ ರೋಗಿಗಳು ಕರೆಯುವ ಹಾಗೇ ಕರೆದರು.

"ಸಿಸ್ಟರ್, ಕಾಲು ತೋರಸಬೇಕಾಗಿತ್ರಿ."

ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಗಾಯ. ಕೆಸರಲ್ಲಿ ಬರಿಗಾಲಲ್ಲಿ ಇಳಿದಾಗ ಗಾಜೋ ತಂತಿಯೋ ಹೊಕ್ಕಿದೆ. ಅವರಿಗೆ ಗೊತ್ತೇ ಆಗಿಲ್ಲ. ಚಪ್ಪಲಿಯಲ್ಲಿ ಕೀವಿನ ಕಲೆ ಕಂಡ ಮೇಲೆ ನೋಡಿಕೊಂಡಿದ್ದಾರೆ. ಅತ್ತೆಯದೂ ಶುರುವಾದದ್ದು ಇಂಥದೇ ಗಾಯದಿಂದ.

"ನಿನ್ನೆ ಮನ್ಯಾಗೇ ತೋರಿಸಿದ್ರ ಆಗ್ತಿದ್ದಿಲ್ಲೇನು?" ಎಂದೆ ತಗ್ಗಿದ ದನಿಯಲ್ಲಿ.

"ಮುಂಜಾನಿನೇ ಕಂಡಿದ್ದು. ಆಕಿ ಹೇಳಿದ್ಲು, ತಡಾ ಮಾಡಬ್ಯಾಡ್ರಿ, ಈಗಿಂದೀಗ ದವಾಖಾನಿಗಿ ಹೋಗ್ರಿ ಅಂತ. ಅದಕ್ಕ ಬಂದೀನಿ."

ಆಕಿ. ಅಲ್ಲಿಯವರೆಗೆ ಅವರ ಬಾಯಲ್ಲಿ ಅದು 'ಅದು' ಆಗಿತ್ತು. ಗಾಯ ತೊಳೆಯುತ್ತಿರುವಾಗಲೂ ಆ ಒಂದು ಶಬ್ದ ಎದೆಯಲ್ಲಿ ಚುಚ್ಚುತ್ತಲೇ ಇತ್ತು. ನನ್ನ ಗಂಡನ ಕಾಲು ಉಳಿಸಲು ಅವರನ್ನು ನನ್ನ ಹತ್ತಿರಕ್ಕೆ ಕಳಿಸಿದವಳು ಆಕೆ. ಕೃತಜ್ಞತೆ ಇರಬೇಕಾದ ಜಾಗದಲ್ಲಿ ನನಗೆ ಬಂದದ್ದು ಹೊಟ್ಟೆಕಿಚ್ಚೇ.

ಡಾಕ್ಟರು ನೋಡಿ, ಎಲುಬಿಗೆ ಇಳಿದಿಲ್ಲ, ಸರಿಯಾದ ಹೊತ್ತಿಗೆ ಬಂದಿದ್ದಾರೆ ಎಂದರು. ಇಂಜೆಕ್ಷನ್ ಶುರುವಾಯಿತು. ದಿನವೂ ಡ್ರೆಸಿಂಗ್. ಮನೆಯಲ್ಲೇ ಮಾಡುತ್ತೇನೆಂದರೆ ಅವರು ಒಪ್ಪಲಿಲ್ಲ. ದಿನಾ ಆಸ್ಪತ್ರೆಗೆ ಬಂದು ಸಾಲಿನಲ್ಲಿ ಕೂರುತ್ತಿದ್ದರು. ಆ ಸ್ಟೂಲಿನ ಮೇಲೆ ಕೂತಾಗ ಅವರಿಗೆ ಮಾತು ಬರುತ್ತಿತ್ತು. ಪಾದ ನನ್ನ ಮಡಿಲಲ್ಲಿರುವಾಗ ಅವ್ವನ ಸುದ್ದಿ ಹೇಳಿದರು. ಸುರಪುರಕ್ಕೆ ಕೊಟ್ಟ ತಂಗಿಯ ಮನೆಗೆ ಹೋಗಲು ಯಾಕೆ ಮನಸ್ಸಾಗುವುದಿಲ್ಲ ಎಂದು ಹೇಳಿದರು: ಆ ತಂಗಿ ನಡೆಯುವುದು ಥೇಟು ಅವ್ವನ ಹಾಗೇ ಅಂತೆ. ನಾನು ಗಾಯದ ಮೇಲೇ ಕಣ್ಣಿಟ್ಟು "ಹೂಂ" ಎನ್ನುತ್ತಿದ್ದೆ. ಇದನ್ನೆಲ್ಲ ಆಕೆಗೆ ಮೊದಲೇ ಹೇಳಿರಬಹುದು, ನಾನು ಕೇಳುತ್ತಿರುವುದು ಎರಡನೆಯ ಸಲದ್ದು ಇರಬಹುದು ಎಂದು ಮನಸ್ಸು ಚುಚ್ಚುತ್ತಿತ್ತು. ಆದರೂ ಕೇಳಿದೆ. ಗಾಯ ನಿಧಾನಕ್ಕೆ ಕೂಡಿತು, ಬೆರಳು ಉಳಿಯಿತು.

ಮುಂದೆ ಸ್ವಲ್ಪ ಕಾಲಕ್ಕೆ ಆ ಸಂಸ್ಥೆಯ ಯೋಜನೆ ನಮ್ಮ ಕಡೆ ಮುಗಿಯಿತು. ಒಂದು ಬೆಳಿಗ್ಗೆ ಅವರು ಒತ್ತಿದರೆ, ಈ ಸೇವೆ ಸದ್ಯ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ ಎಂದಿತಂತೆ. ನಾನು ಕುಣಿಯಬೇಕಿತ್ತು. ಆದರೆ ಅವರು ಊಟ ಅರ್ಧಕ್ಕೆ ಬಿಟ್ಟು ಏಳುವುದನ್ನು, ದಂಡೆಯಿಂದ ಬೇಗ ಮರಳುವುದನ್ನು ನೋಡಿ ಇನ್ನೂ ಸಂಕಟವಾಯಿತು. ನಾನು ತವರಿಗೆ ಹೋಗಿ ತಿಂಗಳು ಇದ್ದು ಬಂದಾಗಲೂ ಇವರು ಊಟ ಬಿಟ್ಟದ್ದು ನನಗೆ ಗೊತ್ತಿಲ್ಲ.

ತರಬೇತಿಗೆ ಬಂದಿದ್ದ ಆ ಹೆಣ್ಣುಮಗಳಿಗೆ ಫೋನು ಮಾಡಿ, ನಮ್ಮ ರೋಗಿಗಳು ಹೇಳಿದ ಮಾತೆಲ್ಲ ಎಲ್ಲಿ ಹೋದವು ಎಂದು ಕೇಳಿದೆ. "ಸುರಕ್ಷಿತವಾಗಿವೆ ಮೇಡಂ. ಹೆಸರು ತೆಗೆದು ಇಟ್ಟಿರ್ತೀವಿ. ಅದು ಇನ್ನೂ ಚೆನ್ನಾಗಿ ಕಲಿಯೋಕೆ ಬೇಕಾಗುತ್ತೆ. ಬೇಡ ಅಂದ್ರೆ ಅವರೇ ಬರೆದು ಕೊಡಬೇಕು, ಅಳಿಸ್ತೀವಿ," ಎಂದಳು. ಯಾವ ಊರಿನ ಯಾವ ಕಂಪ್ಯೂಟರಿನಲ್ಲೋ ನನ್ನ ಗಂಡನ ಮಾತುಗಳು ಹೆಸರಿಲ್ಲದೆ ಕೂತಿವೆ, ನಾನು ಕೇಳದೇ ಇರುವಂಥವು. ಆ ಕಂಪ್ಯೂಟರಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಮನೆಗೆ ಬಂದು ಕೇಳಿದೆ: "ಅಳಸ್ರಿ ಅಂತ ಬರದು ಕೊಡ್ತೀರೇನು?"

"ಇರ್ಲಿ ಬಿಡು. ಯಾರದರ ಕಾಲು ಉಳೀತದ."

"ಈಗ ಅದನ್ನ ಕಡೇಚೂರ ಕಡೆ ಶುರು ಮಾಡ್ಯಾರಂತ," ಎಂದೆ. "ಅಲ್ಲಿ ಫ್ಯಾಕ್ಟರಿ ಕೂಲಿಯವರ ಕೂಡ ಮಾತಾಡಾಕತ್ಯಾಳಂತ."

ಅವರು ಮುಖವೆತ್ತಿದರು. "ಹೌದಾ? ಅವರ ಕೂಡನೂ ಹಂಗೇ ಮಾತಾಡ್ತಾಳೇನು?"

"ಹಂಗೇರಿ. ಎಲ್ಲರ ಕೂಡನೂ ಹಂಗೇ ಮಾತಾಡ್ತಾಳ."

ಅವರ ಮುಖ ಸಣ್ಣದಾಯಿತು. ಆ ಮುಖದಲ್ಲಿ ಮೂಡಿದ್ದು ಏನೆಂದು ಗುರುತಿಸಲು ನನಗೆ ಕಷ್ಟವಾಗಲಿಲ್ಲ. ಅಷ್ಟು ದಿನದಿಂದ ನನ್ನೊಳಗೇ ಇದ್ದದ್ದು ಅದು. ನಿಜ ಹೇಳಬೇಕೆಂದರೆ ನನಗೆ ಖುಷಿಯಾಯಿತು. ಒಳಗೆ ಹೋಗಿ ಹಿಟ್ಟು ನಾದತೊಡಗಿದೆ. ಸ್ವಲ್ಪ ಹೊತ್ತಿಗೆ ಅವರು ಬಂದು ಅಡುಗೆಮನೆಯ ಬಾಗಿಲಲ್ಲಿ ಗೋಡೆಗೊರಗಿ ಕೂತರು. ಗೇಟು ಎತ್ತಿಳಿಸುವ ಸ್ಕ್ರೂ ತುಕ್ಕು ಹಿಡಿದು ತಿರುಗುತ್ತಿಲ್ಲ, ತಿರುಗಿಸುವಾಗ ಇತ್ತೀಚೆಗೆ ಎಡಗೈಯಲ್ಲೂ ಜುಮು ಜುಮು ಎನ್ನುತ್ತದೆ ಎಂದರು. ನನ್ನ ಬಾಯಿತುದಿಗೆ ಒಂದು ಗುಳಿಗೆಯ ಹೆಸರು ಬಂದಿತ್ತು. ತಡೆದುಕೊಂಡು, "ಮತ್ತ?" ಎಂದೆ.