ಕಾಳಿಂಗನ ಕಣ್ಣಿನ ಫೋಟೋ

ಬಸುರಿ ಎದುರಿಗೆ ನಿಂತರೆ ಹಾವಿಗೆ ಕಣ್ಣು ಕಾಣುವುದಿಲ್ಲ ಎಂದು ನಮ್ಮ ಕಡೆ ಹೇಳುತ್ತಾರೆ. ನಾನು ಅದನ್ನು ನಂಬಿದವಳಲ್ಲ. ನಂಬದಿರಲು ಕಾರಣವೂ ಇತ್ತು. ನನ್ನ ತವರು ಮೇಗರವಳ್ಳಿ. ಅಲ್ಲಿ ಕಾಳಿಂಗ ಹಾವು ಹಿತ್ತಲಿಗೆ ಬರುವುದು ಪಕ್ಕದ ಮನೆಯವರು ಬಂದ ಹಾಗೆ. ಕೊಲ್ಲುವ ಹಾಗಿಲ್ಲ. ಮನೆಯಲ್ಲಿ ಬಸುರಿ ಇದ್ದರೆ ಅವಳನ್ನು ಬಾಗಿಲಲ್ಲಿ ನಿಲ್ಲಿಸುತ್ತಿದ್ದರು, ಹಾವು ಕುರುಡಾಗಿ ತಿರುಗಿ ಹೋಗುತ್ತದೆ ಎಂದು. ಮಗಳು ಜಲಜ ಹೊಟ್ಟೆಯಲ್ಲಿದ್ದಾಗ ನನ್ನನ್ನೂ ನಿಲ್ಲಿಸಿದರು. “ಅಲ್ಲಾಡ್ಬೇಡ ಕಣೇ, ಅದಕ್ಕೆ ನೀನು ಕಾಣದಿಲ್ಲ” ಎಂದು ಅತ್ತಿಗೆ ಒಳಗಿನಿಂದ ಕೂಗುತ್ತಿದ್ದಳು. ಒಳಗಿನಿಂದ ಕೂಗುವುದು ಸುಲಭ. ಹಾವು ನನ್ನ ಎದೆಯೆತ್ತರಕ್ಕೆ ಎದ್ದು ಮುಖವನ್ನೇ ನೋಡಿತು. ಅದಕ್ಕೆ ಚೆನ್ನಾಗಿಯೇ ಕಾಣುತ್ತಿತ್ತು. ನಾನು ಗೊಬ್ಬರದ ಗುಂಡಿಗೆ ಹಾರಿದೆ. ಆ ಮಾತಿನ ಮೇಲಿನ ನಂಬಿಕೆ ಅವತ್ತಿಗೇ ಮುಗಿಯಿತು.

ಈಗ ಬರೆಯುವುದು ಕೆಲವೇ ವರ್ಷಗಳ ಹಿಂದಿನದು. ಹೆಚ್ಚು ಓದಿದವಳಲ್ಲ ನಾನು, ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಜಲಜಳನ್ನು ಸಾಗರಕ್ಕೆ ಕೊಟ್ಟಿದ್ದೆ. ಎರಡು ಸಲ ಬಸುರಾಗಿ ಎರಡೂ ಸಲ ನಾಲ್ಕನೇ ತಿಂಗಳಿಗೆ ಹೋಗಿತ್ತು. ಆಮೇಲೆ ಬಸುರು ನಿಲ್ಲಲೇ ಇಲ್ಲ. ಶಿವಮೊಗ್ಗದ ಆಸ್ಪತ್ರೆಗೆ ಓಡಾಡಿ ಅವಳೂ ಸುಸ್ತು, ಜೊತೆಗೆ ಹೋಗಲೆಂದು ನನ್ನ ಮನೆ ಹೊಸನಗರದಿಂದ ಬರುತ್ತಿದ್ದ ನಾನೂ ಸುಸ್ತು. ಆ ದಿನ ಮುಟ್ಟು ಸ್ವಲ್ಪ ಮುಂದೆ ಹೋಗಿದೆ ಎಂದು ಆಸೆ ಇಟ್ಟುಕೊಂಡು ಹೋಗಿದ್ದೆವು. ಬೆಳಗಿನಿಂದ ಬೆಂಚಿನ ಮೇಲೆ ಕೂರಿಸಿ, ಮೂತ್ರ ಪರೀಕ್ಷೆ ಮಾಡಿ, ಏನೂ ಇಲ್ಲ ಎಂದರು. ಜಲಜ ಅಳಲಿಲ್ಲ. ಅತ್ತು ಅತ್ತು ಅದೂ ಬೇಸರ ಬಂದಿತ್ತು.

ವಾಪಸು ಬರುವಾಗ ಅಳಿಯ ಸುರೇಶ ದಾರಿಯಲ್ಲಿ ಮೃಗಾಲಯದ ಎದುರು ಕಾರು ನಿಲ್ಲಿಸಿದ. ಹೆಂಡತಿಯ ಮುಖ ನೋಡಲಾಗದೆ ನಿಲ್ಲಿಸಿದ ಎಂದು ನನಗೆ ಗೊತ್ತು.

“ಹುಲಿ ನೋಡಾಣ ಬನ್ನಿ ಅತ್ತೆ.”

“ನನ್ನ ಕಾಲು ನೋಡು ಮಾರಾಯ, ಆನೆ ಕಾಲಾಗಿದೆ. ಅದನ್ನೇ ನೋಡ್ಕೋ” ಎಂದೆ. ಆದರೂ ಇಳಿದೆ.

ಹುಲಿ ಮಲಗಿತ್ತು. ಹಾವಿನ ಮನೆಗೆ ಹೋದೆವು. ಹೆಬ್ಬಾವು ಗೋಣಿಚೀಲದ ಹಾಗೆ ಬಿದ್ದಿತ್ತು. ಪಕ್ಕದ ಗಾಜಿನ ಹಿಂದೆ ಕಾಳಿಂಗ ಮಾತ್ರ ತಲೆ ಎತ್ತಿಕೊಂಡಿತ್ತು. ಸುರೇಶ ಆಚೆ ಹೋದರೆ ಆಚೆ, ಈಚೆ ಬಂದರೆ ಈಚೆ ತಿರುಗುತ್ತಿತ್ತು. ನಾನು ಹೋದಾಗಲೂ ನನ್ನ ಜೊತೆ ತಿರುಗಿತು. ಫೋಟೋ ತೆಗೆಯಿರಿ ಎಂದು ಅವನು ಮೊಬೈಲನ್ನು ನನ್ನ ಕೈಗೆ ಕೊಟ್ಟ. ಒತ್ತಿದ ಬೆರಳು ತೆಗೆಯಬೇಕು ಎಂದು ನನಗೆ ಗೊತ್ತಿರಲಿಲ್ಲ. ಒತ್ತಿಯೇ ಹಿಡಿದುಕೊಂಡೆ. ಅದು ಟಕಟಕ ಎಂದು ತೆಗೆಯುತ್ತಲೇ ಹೋಯಿತು.

ಅಷ್ಟರಲ್ಲಿ ಸುರೇಶ ಜಲಜಳನ್ನು ಎಳೆದು ತಾನು ನಿಂತಿದ್ದ ಜಾಗದಲ್ಲೇ ನಿಲ್ಲಿಸಿದ. ಹಾವಿನ ತಲೆ ಅಲ್ಲೇ ನಿಂತುಬಿಟ್ಟಿತು. ಅವಳು ಸರಿದರೂ ತಿರುಗಲಿಲ್ಲ. ಕರೆಂಟು ಹೋದಾಗ ಗೋಡೆ ತಡವುತ್ತೇವಲ್ಲ, ಹಾಗೆ ಮೂತಿಯಿಂದ ಗಾಜನ್ನು ಮುಟ್ಟಿ ಮುಟ್ಟಿ ನೋಡಿ, ಕೆಳಗಿಳಿದು ಮೂಲೆಗೆ ತಲೆ ಇಟ್ಟಿತು. ಅವಳು ಗಾಜು ಬಿಟ್ಟು ಈಚೆ ಬಂದದ್ದೇ ತಡ, ಮತ್ತೆ ಎದ್ದಿತು.

ಕಾರಿನಲ್ಲಿ ಜಲಜ ಫೋಟೋ ನೋಡುತ್ತ, “ಅಮ್ಮಾ, ಇದರ ಕಣ್ಣು ನೋಡೇ” ಎಂದಳು. ಸುರೇಶ ನಿಂತ ಫೋಟೋಗಳಲ್ಲಿ ಹಾವಿನ ಕಣ್ಣು ಕಪ್ಪಗೆ ಹೊಳೆಯುತ್ತಿತ್ತು. ಇವಳು ನಿಂತ ಫೋಟೋಗಳಲ್ಲೆಲ್ಲ ಗಂಜಿನೀರಿನ ಹಾಗೆ ಬಿಳಿ.

“ಗಾಜಿನ ಹೊಳಪು ಕಣೆ” ಎಂದೆ.

“ಪೊರೆ ಬಿಡೋ ಮುಂಚೆ ಹಂಗಾಗ್ತದೆ” ಎಂದ ಸುರೇಶ. ಪೊರೆ ಬಿಡುವ ಹಾವಿನ ಕಣ್ಣು ಬೆಳ್ಳಗಾಗುವುದು ನನಗೂ ಗೊತ್ತು. ಆದರೆ ಹೀಗೆ ಒಂದು ಗಳಿಗೆ ಕಪ್ಪು, ಒಂದು ಗಳಿಗೆ ಬಿಳಿ ಆಗುವುದನ್ನು ನಾನು ಕಂಡಿಲ್ಲ. ಹಳೆಯ ಮಾತು ಮೂವರಿಗೂ ಗೊತ್ತಿತ್ತು. ಮತ್ತೆ ಆಸೆ ಪಡುವ ಶಕ್ತಿ ಯಾರಿಗೂ ಇರಲಿಲ್ಲ.

ಸ್ವಲ್ಪ ದಿನ ಬಿಟ್ಟು ಮತ್ತೆ ಪರೀಕ್ಷೆ ಮಾಡಿದರು. ಬಸುರಿ ಎಂದರು. ಮೊದಲು ಮಾಡಿದಾಗ ಗೊತ್ತಾಗದಷ್ಟು ಎಳೆಯದಾಗಿತ್ತು ಅಂತೆ. ಇರಬಹುದು.

ನಾಲ್ಕನೇ ತಿಂಗಳು ಬಂತು. ನಾನು ಅವಳ ಮನೆಯಲ್ಲೇ ಉಳಿದಿದ್ದೆ. ಜಲಜ ನಿದ್ದೆ ಬಿಟ್ಟಳು. ಒಂದು ದಿನ ಬೆಳಿಗ್ಗೆ ಸೀರೆ ಉಟ್ಟು, ಚೀಲ ಹಿಡಿದು, “ಬಸ್‌ ಸ್ಟ್ಯಾಂಡಿಗೆ ನಡಿ” ಎಂದಳು. ಆಸ್ಪತ್ರೆಗೆ ಎಂದುಕೊಂಡು ಜೊತೆಗೆ ಹೋದೆ. ಶಿವಮೊಗ್ಗದ ಬಸ್ಸು ನಿಂತಿತ್ತು. ಮೆಟ್ಟಿಲ ಹತ್ತಿರ ಬಾಯಿ ಬಿಟ್ಟಳು.

“ಆಸ್ಪತ್ರೆಗಲ್ಲಮ್ಮಾ. ಹಾವಿನ ಹತ್ರ. ಒಂದ್ಸಲ ಅದರ ಮುಂದೆ ನಿಂತು ಬರ್ತೀನಿ. ಮಗು ಇದೆಯೋ ಇಲ್ವೋ ಗೊತ್ತಾಗ್ತದೆ.”

ನಾನು ಅವಳ ರಟ್ಟೆ ಹಿಡಿದೆ. “ಅದಕ್ಕೆ ನೀನು ಕಂಡ್ರೆ ಎಂಥ ಮಾಡ್ತೀಯೆ?”

ಕಂಡಕ್ಟರ್ ನಮ್ಮಿಬ್ಬರನ್ನೂ ನೋಡಿ, “ಹತ್ತದಾದ್ರೆ ಹತ್ತಿ ಅಜ್ಜೀ, ಇಲ್ಲಾಂದ್ರೆ ದಾರಿ ಬಿಡಿ. ಬಾಗಿಲಲ್ಲೇ ಮನೆ ಮಾಡ್ಬೇಡಿ” ಎಂದ.

ದಾರಿ ಬಿಟ್ಟೆ. ಬಸ್ಸು ಹೋಯಿತು. ಇಬ್ಬರೂ ಅಲ್ಲೇ ಕಟ್ಟೆಯ ಮೇಲೆ ಕುಳಿತು ಚಾ ಕುಡಿದೆವು.

ಮಗು ಉಳಿಯಿತು. ಹೆಣ್ಣು. ಈಗ ಅದರ ಹಿಂದೆ ಓಡುವುದೇ ನನಗೆ ಕೆಲಸ. ಮೃಗಾಲಯ ತೋರಿಸು ಎಂದು ಹಟ ಹಿಡಿಯುತ್ತದೆ. ಅಪ್ಪ ಕರೆದುಕೊಂಡು ಹೋಗುತ್ತಾನೆ, ನಾನು ಹೋಗುವುದಿಲ್ಲ. ಫೋಟೋವನ್ನು ತಿಳಿದವರಿಗೆ ತೋರಿಸಿದೆವು. ಒಬ್ಬರು ಬೆಳಕು ಎಂದರು, ಒಬ್ಬರು ಮೊಬೈಲು ಸರಿಯಿಲ್ಲ ಎಂದರು. ಎಲ್ಲದಕ್ಕೂ ಹೂಂ ಎಂದೆ. ಹಾವಿನ ಮಾತನ್ನು ನಾನು ಈಗಲೂ ನಂಬುವುದಿಲ್ಲ. ನಂಬದಿದ್ದ ಮೇಲೆ ಅವತ್ತು ಮಗಳನ್ನು ಬಸ್ಸು ಹತ್ತಲು ಬಿಡಬಹುದಿತ್ತು. ಬಿಡಲಿಲ್ಲ.