ಒಬ್ಬಳ ಕೈಗೆ ತಡೆಯುವಷ್ಟು ಬಟ್ಟೆ

ನನ್ನ ಮೊಮ್ಮಗಳು ಎರಡನೆಯವಳಾಗಿ ಬಂದಳು! ಮೊದಲು ಇದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಬರೆಯಲು ಕೈ ಏಳುವುದಿಲ್ಲ. ಕೃಷ್ಣೆಯ ಹಿನ್ನೀರಿನಲ್ಲಿ ಹಾಯಿದೋಣಿ ಕ್ಲಬ್ಬಿನ ಪಂದ್ಯ ಇತ್ತು. ಒಂದು ದೋಣಿಗೆ ಒಬ್ಬರೇ. ಹನ್ನೊಂದು ದೋಣಿಗಳಲ್ಲಿ ಹದಿನಾಲ್ಕು ವರ್ಷದ ನಮ್ಮ ಹುಡುಗಿ ಎರಡನೆಯವಳು. ನಡುನೀರಿನಲ್ಲಿ ಒಮ್ಮೆ ದೋಣಿ ಮಗುಚಿತು. ಯಾರೂ ಕೈ ಹಚ್ಚಲಿಲ್ಲ, ತಾನೇ ಎತ್ತಿ ನಿಲ್ಲಿಸಿ, ತಾನೇ ಹತ್ತಿ ಕುಳಿತು ಬಂದಳು. ನಾನು ದಂಡೆಯ ಮೇಲೆ ಕುಣಿದೆನಂತೆ. ಸೊಸೆ ಹೇಳುತ್ತಾಳೆ, ನನಗೆ ನೆನಪಿಲ್ಲ. ಒಂದು ಚಪ್ಪಲಿ ಇನ್ನೂ ಸಿಕ್ಕಿಲ್ಲ ಅನ್ನುವುದು ಮಾತ್ರ ಖರೆ.

ಹಾಯಿ ಬಿಚ್ಚಿ ಮಡಚುವಾಗ ಅದರಿಂದ ಕಿತ್ತುಬಂದ ಒಂದು ತುಂಡು ಕೆಂಪು ಉಲ್ಲನ್ ದಾರವನ್ನು ಹುಡುಗಿ ನನ್ನ ಕೈಯಲ್ಲಿಟ್ಟಳು.

"ತಗೋ ಆಯಿ, ಕುಣದದ್ದಕ್ಕ ನಿನಗ ಇನಾಮು."

ಗಾಳಿ ಯಾವ ಕಡೆ ಹೊರಟಿದೆ ಎಂದು ತಿಳಿಯಲು ಹಾಯಿಯ ಎರಡೂ ಮೈಗೆ ಇಂಥ ದಾರ ಅಂಟಿಸಿರುತ್ತಾರೆ. ಗೇಣುದ್ದದ್ದು, ಅದೇ ಕೆಂಪು... ಅದನ್ನು ಹಿಡಿದು ನಿಂತವಳಿಗೆ ಗಂಧಕದ ಹೊಗೆಯ ವಾಸನೆ ಮೂಗಿಗೆ ಬಡಿದಂತಾಯಿತು. ನೀರಿನ ದಂಡೆಗೆ ಗಂಧಕ ಎಲ್ಲಿಂದ ಬರಬೇಕು? ಅದು ಒಣದ್ರಾಕ್ಷಿಗೆ ಬಣ್ಣ ಬರಲೆಂದು ಗಂಧಕದ ಹೊಗೆ ಹಾಕುವ ತಿಕೋಟಾದ ಶೆಡ್ಡಿನ ವಾಸನೆ, ನಲವತ್ತು ವರ್ಷದ ಹಿಂದಿನದು. ಅದರ ಬೆನ್ನಿಗೆ ಶೆಡ್ಡಿನ ಅಕ್ಕ ಬಂದಳು.

ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು. ಮದುವೆಯಾಗಿ ತಿಕೋಟಾಕ್ಕೆ ಬಂದ ಮೇಲೆ ಒಬ್ಬ ಸಾವುಕಾರರ ಒಣದ್ರಾಕ್ಷಿ ಶೆಡ್ಡಿಗೆ ಕೂಲಿಗೆ ಹೋಗುತ್ತಿದ್ದೆ. ಅಲ್ಲಿ ಎಲ್ಲವೂ ಅಕ್ಕನ ಮಾತಿನ ಮೇಲೆ ನಡೆಯುತ್ತಿತ್ತು. ಸಾರವಾಡದವಳು, ನನಗಿಂತ ಇಪ್ಪತ್ತು ವರ್ಷ ದೊಡ್ಡವಳು, ಗಂಡ ತೀರಿಕೊಂಡಿದ್ದ. ಅವಳು ನನ್ನ ಸ್ವಂತ ಅಕ್ಕ ಅಲ್ಲ. ಆದರೆ ಆ ಶೆಡ್ಡಿನಲ್ಲಿ ಅವಳಿಗೆ ಬೇರೆ ಹೆಸರಿದೆ ಎಂಬುದೇ ನಮಗೆ ಮರೆತುಹೋಗಿತ್ತು.

ಒಣದ್ರಾಕ್ಷಿಗೆ ಬಿಸಿಲು ಬೇಡ, ಗಾಳಿ ಬೇಕು. ಗೊಂಚಲನ್ನು ಔಷಧದ ನೀರಿನಲ್ಲಿ ಅದ್ದಿ ಬಲೆಯ ಮೇಲೆ ಹರವಿದರೆ, ನೆರಳಿನಲ್ಲಿ ಹದಿನೈದು ದಿನ ಒಣಗಾಳಿ ಆಡಬೇಕು. ನಡುವೆ ಒಂದು ಮಳೆ ಒಳಗೆ ಹೊಕ್ಕರೆ ಮಾಲು ಕಪ್ಪಾಗಿ ಕೆಡುತ್ತದೆ. ಅದಕ್ಕೆ ಅಕ್ಕ ಪಡುವಣ ದಿಕ್ಕಿನ ತಂತಿಗೆ ಸಾಲಾಗಿ ಕೆಂಪು ಉಲ್ಲನ್ ದಾರ ಕಟ್ಟಿರುತ್ತಿದ್ದಳು. ದಾರ ನೆಟ್ಟಗೆ ಒಂದೇ ಕಡೆ ಮಲಗಿದರೆ ಒಣಗಾಳಿ. ಎದ್ದು ಬಿದ್ದು ಸುತ್ತಿಕೊಂಡರೆ ಮಳೆಗಾಳಿ. ನಾನು ಮಣ್ಣಿನ ವಾಸನೆ ಬರುತ್ತದೋ ಎಂದು ಮೂಗೆತ್ತಿ ನಿಂತರೆ ಅವಳಿಗೆ ನಗೆ.

"ಏ ಹುಡುಗಿ, ಗಾಳಿಗೆ ಮೂಗು ತೋರಸಬ್ಯಾಡ, ಕಣ್ಣು ತೋರಸು. ನಿನ್ನ ಮೂಗಿಗೆ ಗೊತ್ತಾಗೂದ್ರಾಗ ಮಳಿ ನಿನ್ನ ತಲಿ ಮ್ಯಾಲ ಇರ್ತದ!"

ನನ್ನ ಮಗ ಆಗ ಕೈಗೂಸು. ಶೆಡ್ಡಿನ ಕಂಬಕ್ಕೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸುತ್ತಿದ್ದೆ. ಅಕ್ಕ ಕೂತು ದ್ರಾಕ್ಷಿಯ ತೊಟ್ಟು ಬಿಡಿಸುತ್ತ, ಒಂದು ಕಾಲಿನಿಂದ ಆ ಜೋಳಿಗೆಯನ್ನು ತೂಗುತ್ತಿದ್ದಳು. ಅವನು ಎದ್ದರೆ ಗೊತ್ತಾಗುತ್ತಿದ್ದುದು ಮೊದಲು ಅವಳಿಗೆ, ಆಮೇಲೆ ನನಗೆ...

ಮಳೆ ಬಂದಾಗ ಇಳಿಬಿಡಲು ಪಡುವಣ ಬದಿಗೆ ಐದು ಸಣ್ಣ ತಾಡಪತ್ರಿಗಳಿದ್ದವು. ಒಂದೊಂದಕ್ಕೂ ಒಂದೊಂದು ಹಗ್ಗ. ಒಬ್ಬಳೇ ಹೆಂಗಸು ಒಂದನ್ನು ಇಳಿಸಿ ಕಟ್ಟಿ ಇನ್ನೊಂದಕ್ಕೆ ಓಡಬಹುದು. ಅವು ಹರಿದು ಜಾಳಾದಾಗ ಸಾವುಕಾರರು ಹೊಸದು ತರಲು ಹೊರಟರು. ಅಕ್ಕ ಅಂದು ಸಾರವಾಡಕ್ಕೆ ಮಗಳ ಮನೆಗೆ ಹೋಗಿದ್ದಳು. ಅಳತೆ ಹೇಳು ಎಂದು ಸಾವುಕಾರರು ನನ್ನನ್ನು ಕೇಳಿದರು. ನನ್ನನ್ನು! ನಾನು ಉಬ್ಬಿಹೋದೆ. "ಐದು ಯಾಕ್ರಿ, ಇಡೀ ಬದಿಗೆ ಒಂದೇ ದೊಡ್ಡದು ಹೊಲಸ್ರಿ. ನಡುವ ಸಂದಿ ಇರೂದಿಲ್ಲ, ನೋಡಾಕೂ ಛಂದ" ಎಂದೆ. ಹಾಗೇ ಹೊಲಿದು ಬಂತು, ನೀಲಿ ಬಣ್ಣದ್ದು.

ಮರುದಿನ ಅಕ್ಕ ಅದರ ಅಂಚನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ಇದು ನಾಕು ಮಂದಿ ಬಟ್ಟಿ ಆತಲ್ಲವಾ. ಗಾಳಿ ಬಂದಾಗ ನಾಕು ಮಂದಿ ಇರ್ತಾರೇನು? ಒಬ್ಬಾಕಿ ಕೈಗೆ ತಡಿಯುವಷ್ಟ ಇರಬೇಕಿತ್ತು. ಯಾರು ಅಳತಿ ಕೊಟ್ಟವರು?"

"ಸಾವುಕಾರ್ರ ತಂದಾರ ಯಕ್ಕಾ," ಎಂದೆ.

ಅವಳು ಅಂಚು ಬಿಟ್ಟು ತೊಟ್ಟು ಬಿಡಿಸಲು ಕೂತಳು.

ಹತ್ತು ದಿನ ಕಳೆದಿರಬೇಕು. ಅಂದು ಸಂತೆ. ಎಲ್ಲ ಹೆಂಗಸರೂ ಹೋದೆವು, ಅಕ್ಕ ಮಾತ್ರ ಶೆಡ್ಡಿನಲ್ಲಿ ಉಳಿದಳು. "ಲಗೂ ಬರ್ರಿ, ದಾರ ಯಾಕೋ ಕುಣ್ಯಾಕತ್ತಾವ," ಎಂದು ಹೇಳಿಯೇ ಕಳಿಸಿದ್ದಳು. ನಾನು ಮಗನಿಗೆ ಕುಲಾವಿ ಕೊಂಡೆ. ಆಮೇಲೆ ಬಳೆಗಾರನ ಮುಂದೆ ಕೂತುಬಿಟ್ಟೆ. ಹಸಿರು ತೊಡಲೋ ಕೆಂಪು ತೊಡಲೋ ಎನ್ನುವುದರಲ್ಲಿ ಹೊತ್ತು ಹೋಯಿತು. ಕಣ್ಣಿಗೆ ಧೂಳು ಬಡಿದ ಮೇಲೆ ಎದ್ದೆ. ಕೂಸನ್ನು ಎದೆಗೆ ಅವಚಿಕೊಂಡು ಓಡಿದೆ.

ದೂರದಿಂದಲೇ ಕಂಡಿತು, ಆ ನೀಲಿ ಬಟ್ಟೆ ಗಾಳಿ ತುಂಬಿಕೊಂಡು ಶೆಡ್ಡಿಗಿಂತ ಎತ್ತರಕ್ಕೆ ಏಳುತ್ತಿದ್ದದ್ದು. ಹತ್ತಿರ ಹೋದರೆ ಅಕ್ಕ ದ್ರಾಕ್ಷಿ ಅದ್ದುವ ನೀರಿನ ಹೌದಿನ ಪಕ್ಕ ಬಿದ್ದಿದ್ದಳು. ಹಗ್ಗ ಜಾರಬಾರದೆಂದು ಮುಂಗೈಗೆ ಮೂರು ಸುತ್ತು ಸುತ್ತಿಕೊಂಡಿದ್ದಳು. ಗಾಳಿ ಅವಳನ್ನು ಎತ್ತಿ ಹೌದಿನ ಕಟ್ಟೆಗೆ ಒಗೆದಿತ್ತು. ಸೊಂಟ ಮುರಿದಿತ್ತು. ನನ್ನ ಬೆನ್ನಿಗೇ ಬಂದ ಹೆಂಗಸರೂ ನಾನೂ ಹಗ್ಗವನ್ನು ಕುಡಗೋಲಿನಿಂದ ಕೊಯ್ದು ಬಿಡಿಸಿದೆವು.

ಅವಳು ಮತ್ತೆ ಎದ್ದು ನಡೆಯಲಿಲ್ಲ. ಮಗಳು ಸಾರವಾಡಕ್ಕೆ ಕರೆದುಕೊಂಡು ಹೋದಳು. ನಾನು ಒಂದೇ ಒಂದು ಸಲ ನೋಡಲು ಹೋದೆ, ಸೆರಗಿನಲ್ಲಿ ಒಂದು ಹಿಡಿ ಒಣದ್ರಾಕ್ಷಿ ಕಟ್ಟಿಕೊಂಡು. ಹೊರಸಿನ ಮೇಲೆ ಮಲಗಿದ್ದಳು. ಮುಂಗೈಯಲ್ಲಿ ಹಗ್ಗದ ಗಾಯ ಕರಿ ಬಳೆಯ ಹಾಗೆ ಕೂತಿತ್ತು.

"ಮಾಲ್ ಉಳೀತೇನ?" ಎಂದು ಮೊದಲು ಕೇಳಿದಳು.

"ಅರ್ಧ ಉಳದದ ಯಕ್ಕಾ."

"ಹಗ್ಗ ಕೈಗೆ ಸುತ್ತಬಾರದಾಗಿತ್ತು. ನಂದ ತಪ್ಪು," ಎಂದಳು.

ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು... ಅಳತೆ ಕೊಟ್ಟವಳು ನಾನು ಯಕ್ಕಾ, ಎಂದು. ಆಗ ಅವಳು ನನ್ನ ಮಗನ ಸುದ್ದಿ ಕೇಳಿದಳು, ಹಲ್ಲು ಎಷ್ಟು ಬಂದಾವು ಎಂದು ಕೇಳಿದಳು. ನಾನು ಹಲ್ಲಿನ ಲೆಕ್ಕ ಹೇಳಿ ಬಸ್ಸು ಹತ್ತಿದೆ. ಮತ್ತೊಮ್ಮೆ ಹೋಗಿ ಹೇಳಿದರಾಯಿತು ಅಂದುಕೊಂಡೆ. ಮುಂದಿನ ವರ್ಷದ ದ್ರಾಕ್ಷಿ ಕೊಯ್ಲಿಗೆ ಮೊದಲೇ ಅವಳು ಹೋಗಿಬಿಟ್ಟಳು.

ಈಗ ಆ ಮಗ ವಿಜಯಪುರದಲ್ಲಿ ಅಥಣಿ ರಸ್ತೆಗೆ ಮನೆ ಕಟ್ಟಿದ್ದಾನೆ, ಹನಿ ನೀರಾವರಿ ಪೈಪಿನ ಅಂಗಡಿ ಇಟ್ಟಿದ್ದಾನೆ. ನೌಕಾಪಡೆಯಲ್ಲಿದ್ದು ನಿವೃತ್ತರಾಗಿ ಬಂದ ಬಬಲೇಶ್ವರ ಕಡೆಯ ಒಬ್ಬ ಸರ್ ಹಿನ್ನೀರಿನಲ್ಲಿ ಮಕ್ಕಳಿಗೆ ಹಾಯಿದೋಣಿ ಕಲಿಸುತ್ತಾರೆ. ಮೊಮ್ಮಗಳು ಎರಡು ವರ್ಷದಿಂದ ಭಾನುವಾರ ಭಾನುವಾರ ಹೋಗುತ್ತಿದ್ದಾಳೆ. ಪಂದ್ಯಕ್ಕೆ ಇಳಿಯಬೇಕಾದರೆ ಸ್ವಂತ ದೋಣಿ ಬೇಕು. ಎರಡು ತಿಂಗಳ ಹಿಂದೆ ಕ್ಲಬ್ಬಿನಲ್ಲಿ ಬಳಸಿದ ಎರಡು ದೋಣಿಗಳು ಮಾರಾಟಕ್ಕಿದ್ದವು. ಒಂದು ಬಿಳಿಯದು, ಎತ್ತರದ ಕಂಬ, ದೊಡ್ಡ ಹಾಯಿ. ಇನ್ನೊಂದು ಹಳದಿ, ಸಣ್ಣದು, ಮೂತಿಯ ಮೇಲೆ ತೇಪೆ. ನಾವೆಲ್ಲ ನೋಡಲು ಹೋದೆವು.

"ಎರಡೂ ಛಲೋ ಅದಾವ್ರಿ," ಎಂದರು ಸರ್. "ದೋಣಿಗಿಂತ ಮದಲ ಹುಡುಗಿ ತೂಕ ನೋಡ್ರಿ. ಹಗುರ ಗಾಳಿಗೆ ಬಿಳೀದು ಮುಂದ ಓಡ್ತದ. ಜೋರು ಗಾಳಿ ಬಂದ್ರ ಅದನ್ನ ಹಿಡಿಯಾಕ ಈಕಿ ಮೈ ಸಾಲೂದಿಲ್ಲ. ಪಂದ್ಯದ ಹೊತ್ತು ಎಣಸೂವಾಗ ಸಣ್ಣ ದೋಣಿಗೆ ಒಂದೀಟು ಸವಲತ್ತು ಕೊಡ್ತೇವಿ, ಅದರ ಚಿಂತಿ ಬ್ಯಾಡ."

ನಮ್ಮದು ಸಾಲಿಯ ಅಂಗಿಯನ್ನು ನಾಲ್ಕು ಬೆರಳು ಉದ್ದ ಹೊಲಿಸುವ ಮನೆತನ. ಮಗ ಬಿಳಿಯದೇ ಎಂದು ನಿಶ್ಚಯಿಸಿಬಿಟ್ಟ. "ಬೆಳಿಯೋ ಹುಡುಗಿ ಯವ್ವಾ. ಎರಡು ವರ್ಷಕ್ಕ ಅದಕ್ಕ ಸರಿ ಆಗ್ತಾಳ." ಹುಡುಗಿಗೂ ಅದೇ ಬೇಕು. ಹಳದಿ ದೋಣಿಗೆ ಅವಳ ಗೆಳತಿಯರು ಬುಟ್ಟಿ ಎನ್ನುತ್ತಾರಂತೆ.

ಮನೆಗೆ ಬಂದು ಮಗ ಸರ್‌ಗೆ ಹೇಳಲು ಫೋನು ತೆಗೆದ. ನಾನು ಅವನ ಕೈ ಹಿಡಿದುಕೊಂಡೆ.

"ಬಿಳೀದು ಬ್ಯಾಡಪಾ. ಅದು ಒಬ್ಬಾಕಿ ಕೈಗೆ ತಡಿಯೂದಿಲ್ಲ."

"ನಿನಗೇನ ಗೊತ್ತೈತಿ ಯವ್ವಾ ದೋಣಿ ಸುದ್ದಿ?" ಎಂದು ನಕ್ಕ.

"ದೋಣಿ ಸುದ್ದಿ ಗೊತ್ತಿಲ್ಲ. ಬಟ್ಟಿ ಸುದ್ದಿ ಗೊತ್ತದ."

ನಲವತ್ತು ವರ್ಷ ಯಾರಿಗೂ ಹೇಳದ್ದನ್ನು ಅಂದು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹೇಳಿದೆ. ಸಂತೆ, ಬಳೆ, ನೀಲಿ ತಾಡಪತ್ರಿ, ನಾನು ಹೇಳಿದ ಸುಳ್ಳು. "ಸಣ್ಣದು ಇದ್ದಿದ್ರ ಆಕಿ ಒಬ್ಬಾಕಿನ ಇಳಿಸಿ ಕಟ್ಟತಿದ್ಲು. ದೊಡ್ಡದು ಬೇಕಂದಾಕಿ ನಾನು. ನಿನ್ನ ಜೋಳಗಿ ತೂಗಿದಾಕೀನ್ನ ನಾನು ಕೆಡವಿದೆ, ಮಗನ."

ಮಗ ಎದ್ದು ಸರ್‌ಗೆ ಫೋನು ಹಚ್ಚಿದ. "ಹಳದೀದು ಇಡ್ರಿ ಸರ್, ನಾಳೆ ಬರ್ತೇನಿ," ಎಂದ.

ಹುಡುಗಿ ಬುಸುಗುಟ್ಟುತ್ತ ಒಳಗೆ ಹೋದಳು. ಎರಡು ದಿನ ನನ್ನ ಕೂಡ ಮಾತಿಲ್ಲ. ಮೂರನೆಯ ದಿನ ತಲೆ ಬಾಚಿಸಿಕೊಳ್ಳಲು ಬಂದು ಮುಂದೆ ಕೂತಳು.

"ಆಯಿ, ಆಕಿ ಹಗ್ಗ ಕೈಗೆ ಸುತ್ತಿಗೊಂಡಿದ್ಲೇನು?"

"ಹೂಂ."

"ನಮ್ಮ ಸರ್ ಮದಲನೇ ದಿನಾನ ಹೇಳ್ಯಾರ. ಹಗ್ಗ ಹಿಡೀಬೇಕು, ಸುತ್ತಬಾರದು. ಗಾಳಿ ಬಾಳ ಆತಂದ್ರ ಬಿಟ್ಟಬಿಡಬೇಕು, ಹಾಯಿ ತಾನ ಖಾಲಿ ಆಗ್ತದ ಅಂತ." ಹಿಂದಕ್ಕೆ ತಿರುಗಿ ಕೇಳಿದಳು, "ಆಕಿಗ್ಯಾಕ ಯಾರೂ ಹೇಳಲಿಲ್ಲ?"

ಅಕ್ಕನಿಗೆ ಗೊತ್ತಿತ್ತು. ಬಿಟ್ಟರೆ ಮಾಲು ಹೋಗುತ್ತದೆಂದು ಬಿಡಲಿಲ್ಲ, ಅಷ್ಟೇ. ಇದನ್ನು ಆ ಕೂಸಿಗೆ ಹೇಗೆ ಹೇಳಲಿ? ಜಡೆ ಹೆಣೆದೆ.

ಇಂದು ಬೆಳಗ್ಗೆ ಶ್ರಾವಣದ ಗಾಳಿ ದಂಡೆಯ ಜಾಲಿಗಿಡಗಳನ್ನು ಬಗ್ಗಿಸುತ್ತಿತ್ತು. ಆ ಬಿಳಿ ದೋಣಿಯನ್ನು ಬೇರೆ ಯಾರೋ ಕೊಂಡಿದ್ದರು. ಎರಡನೇ ತಿರುವಿನಲ್ಲಿ ಅದು ಮಗುಚಿ, ಅದರ ಹುಡುಗ ಎಷ್ಟು ಜಗ್ಗಿದರೂ ಏಳದೆ, ಸರ್ ಮೋಟಾರು ದೋಣಿಯಲ್ಲಿ ಹೋಗಿ ಎಳೆದು ತಂದರು. ಅದರ ಹಿಂದೆಯೇ ನಮ್ಮ ಹಳದಿ ಬುಟ್ಟಿಯೂ ಮಗುಚಿತು. ಹುಡುಗಿ ಈಜಿ ಹೋಗಿ, ದೋಣಿಯ ಹೊಟ್ಟೆಯಿಂದ ಹೊರಚಾಚಿದ ಹಲಗೆಯ ಮೇಲೆ ಕಾಲೂರಿ ಹಿಂದಕ್ಕೆ ವಾಲಿದಳು. ಅವಳ ಅಷ್ಟೇ ತೂಕಕ್ಕೆ ಹಾಯಿ ನೀರು ಸುರಿಸುತ್ತ ಮೇಲೆದ್ದು ನಿಂತಿತು. ಆಗಲೇ ನಾನು ಕುಣಿದಿರಬೇಕು.

ಸಂಜೆ ಸೊಸೆ ಗೋಧಿ ಹುಗ್ಗಿ ಮಾಡಿದಳು, ಒಣದ್ರಾಕ್ಷಿ ಕೈತುಂಬ ಹಾಕಿ. ಅಂಗಡಿ ಮುಚ್ಚಿ ಮಗ ಬೇಗ ಬಂದ. ನಾಲ್ವರೂ ನೆಲದ ಮೇಲೆ ಸಾಲಾಗಿ ಕೂತೆವು. ಹುಡುಗಿ ರೊಟ್ಟಿ ಮುರಿಯಲು ಹೋಗಿ ಹಾ ಎಂದಳು. ಅವಳ ಕೈ ಎಳೆದು ನೋಡಿದೆ. ಅಂಗೈಯಲ್ಲಿ ಹಗ್ಗ ತಿಕ್ಕಿ ಎರಡು ಬೊಬ್ಬೆ ಎದ್ದಿದ್ದವು. ಕೈ ತಿರುಗಿಸಿ ಮುಂಗೈ ನೋಡಿದೆ, ದೀಪದ ಕಡೆ ಹಿಡಿದು ಇನ್ನೊಮ್ಮೆ ನೋಡಿದೆ. ಹಗ್ಗದ ಒಂದು ಗೆರೆಯೂ ಇರಲಿಲ್ಲ.

"ಏನ ನೋಡಾಕತ್ತಿ ಆಯಿ? ಬೊಬ್ಬಿ ಈ ಕಡೆ ಅದಾವ."

"ಏನಿಲ್ಲವಾ. ಉಣ್ಣು."

ಮಗ ನನ್ನನ್ನೇ ನೋಡುತ್ತಿದ್ದ. ನನ್ನ ತಾಟಿಗೆ ಇನ್ನೊಂದು ಸೌಟು ಹುಗ್ಗಿ ಹಾಕಿದ. ಅಕ್ಕನಿಗೆ ಹೇಳಬೇಕಾಗಿದ್ದ ಮಾತನ್ನು ಇವರಿಗೆ ಹೇಳಿದ್ದೇನೆ. ಅದು ಅವಳಿಗೆ ಮುಟ್ಟಲಿಲ್ಲ, ಇನ್ನು ಮುಟ್ಟುವುದೂ ಇಲ್ಲ... ಕೆಂಪು ದಾರ ನನ್ನ ಸೆರಗಿನ ತುದಿಯ ಗಂಟಿನಲ್ಲಿತ್ತು. ಹುಡುಗಿಗೆ ಬಿಸಿ ಹುಗ್ಗಿ ಬೊಬ್ಬೆಗೆ ತಾಗಿ ಉರಿಯುತ್ತಿತ್ತು. ನಾನೇ ಕಲಸಿ, ಆರಿಸಿ, ತುತ್ತು ಮಾಡಿ ಅವಳ ಬಾಯಿಗಿಟ್ಟೆ. ಆಮೇಲೆ ನಾನೂ ಉಂಡೆ.